‘ಪಾಸ್ಡ್’ ಎಂದ ಡಿಸ್ಕನ್ನು ನಾನು ಪರೀಕ್ಷಿಸುವ ಬಗೆ

ಫೈಲ್ ತೆರೆಯಲು ಹೋದರೆ ಲಿನಕ್ಸ್ ಯಂತ್ರ ಅರ್ಧ ನಿಮಿಷ ಅಲ್ಲಾಡದೆ ಕೂರುತ್ತದೆ ಎಂಬ ದೂರು ಬಂದರೆ ನಾನು ಮೊದಲು ತೆರೆಯುವುದು ಕರ್ನಲ್ ಲಾಗನ್ನು, ಅಂದರೆ ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆಯನ್ನು: ‘ಸುಡೊ ಜರ್ನಲ್‌ಸಿಟಿಎಲ್ -ಕೆ’. ಆ ಅರ್ಧ ನಿಮಿಷಕ್ಕೂ ಕಾರಣವಿದೆ. ಡಿಸ್ಕ್‌ನ ಉತ್ತರಕ್ಕಾಗಿ ಕರ್ನಲ್ ಕಾಯುವ ಅವಧಿ ಸಾಮಾನ್ಯವಾಗಿ 30 ಸೆಕೆಂಡು. ಎಟಿಎ ಎಂದು ಶುರುವಾಗುವ ದೋಷದ ಸಾಲುಗಳಲ್ಲಿ ‘ಯುಎನ್‌ಸಿ’ ಎಂದಿದ್ದರೆ ಡಿಸ್ಕ್‌ಗೆ ತಾನೇ ಬರೆದಿಟ್ಟದ್ದನ್ನು ಓದಲಾಗುತ್ತಿಲ್ಲ. ‘ಐಸಿಆರ್‌ಸಿ’ ಎಂದಿದ್ದರೆ ಮಾಹಿತಿ ದಾರಿಯಲ್ಲಿ ಕೆಟ್ಟಿದೆ, ಮೊದಲು ಬದಲಾಯಿಸಬೇಕಾದದ್ದು ಸಾಟಾ ಕೇಬಲ್. ಈ ಎರಡರ ವ್ಯತ್ಯಾಸ ನೋಡದೆ ಒಳ್ಳೆಯ ಡಿಸ್ಕನ್ನೇ ಗುಜರಿಗೆ ಹಾಕುವವರಿದ್ದಾರೆ.

ಕೇಬಲ್ ದೋಷ ಸ್ಮಾರ್ಟ್ ಪಟ್ಟಿಯ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 199ನೇ ಸಾಲಿನಲ್ಲೂ, ಅಂದರೆ 199 ಎಂಬ ಗುರುತುಸಂಖ್ಯೆಯ ಸಾಲಿನಲ್ಲೂ, ಸಿಗುತ್ತದೆ. ಅಲ್ಲಿನ ಅಂಕಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಾಗಿ ಅದನ್ನು ಬರೆದಿಟ್ಟುಕೊಂಡು, ಕೇಬಲ್ ಬದಲಾಯಿಸಿ, ಕೆಲವು ಹತ್ತು ಜಿಬಿ ನಕಲು ಮಾಡಿ ಮತ್ತೆ ನೋಡುತ್ತೇನೆ. ಅಂಕಿ ಅಲ್ಲೇ ನಿಂತಿದ್ದರೆ ಕೆಲಸ ಮುಗಿಯಿತು.

ಆಮೇಲೆ ಆ ಪಟ್ಟಿ ತೋರಿಸುವ ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎಕ್ಸ್ /ಡೆವ್/ಎಸ್‌ಡಿಎ’. ಮೇಲುಗಡೆ ಬರುವ ‘ಪಾಸ್ಡ್’ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ತಯಾರಕರು ಇಟ್ಟ ಮಿತಿಗಿಂತ ಯಾವ ವ್ಯಾಲ್ಯೂ ಕೆಳಗಿಳಿದಿಲ್ಲ ಎಂದಷ್ಟೇ ಅದರ ಅರ್ಥ. ಹಲವು ಡಿಸ್ಕ್‌ಗಳಲ್ಲಿ ಆ ಮಿತಿ ಎಷ್ಟು ಸಡಿಲವೆಂದರೆ ನೂರಾರು ಸೆಕ್ಟರ್ (ಮಾಹಿತಿ ಇಡುವ ಚಿಕ್ಕ ತುಂಡುಗಳು) ಹಾಳಾದರೂ ‘ಪಾಸ್ಡ್’ ಬದಲಾಗದು. ನಾನು ನೋಡುವುದು 5, 187, 197, 198ನೇ ಸಾಲುಗಳ ಕೊನೆಯ ಕಾಲಂ, ಅಂದರೆ ರಾ ವ್ಯಾಲ್ಯೂ. 5 ಎಂದರೆ ಬದಲಿ ಸೆಕ್ಟರ್ ಬಳಸಿದ ಲೆಕ್ಕ, 187 ಮತ್ತು 198 ಸರಿಪಡಿಸಲಾಗದ ತಪ್ಪುಗಳ ಲೆಕ್ಕ, 197 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳ ಲೆಕ್ಕ. ಇವು ಸೊನ್ನೆ ಇರಬೇಕು. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಗಾಬರಿಯಾಗುವುದು ಬೇಡ. 7ನೆಯದನ್ನು ‘-ವಿ 7,ಹೆಕ್ಸ್48’ ಸೇರಿಸಿ ನೋಡಿದರೆ ಹನ್ನೆರಡು ಹೆಕ್ಸ್ ಅಂಕಿ ಬರುತ್ತವೆ. ಮೊದಲ ನಾಲ್ಕು ನಿಜವಾದ ತಪ್ಪುಗಳ ಲೆಕ್ಕ, ಉಳಿದ ಎಂಟು ಡಿಸ್ಕ್‌ನ ಹೆಡ್ ಒಟ್ಟು ಎಷ್ಟು ಸಲ ಜಾಗ ಹುಡುಕಿ ಸರಿಯಿತು ಎಂಬ ಲೆಕ್ಕ.

ಯುಎಸ್‌ಬಿ ಕೇಸ್‌ನೊಳಗಿನ ಡಿಸ್ಕ್‌ನದು ಬೇರೆಯೇ ತರಲೆ. ಅಲ್ಲಿ ಮೊದಲು ಮಾತಾಡುವುದು ನಡುವಿನ ಬ್ರಿಡ್ಜ್ ಚಿಪ್. ಎಷ್ಟೋ ಸಲ ಡಿಸ್ಕ್‌ಗಳ ಪಟ್ಟಿ ಕೊಡುವ ‘ಎಲ್‌ಎಸ್‌ಬಿಎಲ್‌ಕೆ’ ತೋರಿಸುವ ಮಾಡೆಲ್, ಸೀರಿಯಲ್ ಎಲ್ಲ ಕೇಸ್‌ನದೇ ಆಗಿರುತ್ತವೆ. ಸ್ಮಾರ್ಟ್‌ಸಿಟಿಎಲ್ ಬ್ರಿಡ್ಜ್ ಗುರುತಿಲ್ಲವೆಂದರೆ ‘-ಡಿ ಸ್ಯಾಟ್’ ಸೇರಿಸಿ ನೋಡಿ. ಒಳಗಿರುವುದು ಎನ್‌ವಿಎಂಇ (ಸಾಟಾ ಬಳಸದ ವೇಗದ ಎಸ್‌ಎಸ್‌ಡಿ) ಆದರೆ ಚಿಪ್ ನೋಡಿಕೊಂಡು ‘-ಡಿ ಎಸ್‌ಎನ್‌ಟಿಜೆಮೈಕ್ರಾನ್’, ‘ಎಸ್‌ಎನ್‌ಟಿಎಎಸ್‌ಮೀಡಿಯಾ’ ಅಥವಾ ‘ಎಸ್‌ಎನ್‌ಟಿರಿಯಲ್‌ಟೆಕ್’. ವರದಿ ಬಂದಮೇಲೆ ಸೀರಿಯಲ್ ಸಂಖ್ಯೆಯನ್ನು ಡಿಸ್ಕ್ ಮೇಲಿನ ಸ್ಟಿಕರ್‌ಗೆ ತಾಳೆ ಹಾಕದೆ ನಾನು ಮುಂದೆ ಹೋಗುವುದಿಲ್ಲ. ಕೇಸ್ ನಡುವೆ ನಿದ್ದೆಗೆ ಜಾರಿ ಲಾಂಗ್ ಟೆಸ್ಟ್ (ಡಿಸ್ಕ್ ತನ್ನನ್ನೇ ಪೂರ್ತಿ ಓದಿ ಪರೀಕ್ಷಿಸಿಕೊಳ್ಳುವುದು) ಅರ್ಧಕ್ಕೆ ನಿಲ್ಲುವುದೂ ಉಂಟು. ನಿಮಿಷಕ್ಕೊಮ್ಮೆ ಸ್ಮಾರ್ಟ್‌ಸಿಟಿಎಲ್ ಓಡಿಸುವ ಸಣ್ಣ ಲೂಪ್ ಹಾಕಿಟ್ಟರೆ ಸಾಮಾನ್ಯವಾಗಿ ಎಚ್ಚರವಾಗಿರುತ್ತದೆ.

197ನೇ ಸಾಲಿನಲ್ಲಿ ಅಂಕಿ ಕಂಡರೆ ಟೆಸ್ಟ್ ಓಡಿಸುವ ಮುಂಚೆ ನಕಲು ತೆಗೆಯಬೇಕು. ‘ಡಿಡಿರೆಸ್ಕ್ಯೂ -ಡಿ -ಎನ್ ಮೂಲ ಇಮೇಜ್ ಮ್ಯಾಪ್’ ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಎರಡನೇ ಸಲ ‘-ಎನ್’ ಬದಲು ‘-ಆರ್3’ ಕೊಟ್ಟರೆ ಉಳಿದ ಜಾಗಗಳನ್ನು ಕೆದಕುತ್ತದೆ. ಮ್ಯಾಪ್ ಫೈಲ್ ಕೊಡದಿದ್ದರೆ ಎಲ್ಲಿಯವರೆಗೆ ಬಂದಿತ್ತು ಎಂಬುದೇ ಅದಕ್ಕೆ ಗೊತ್ತಿರದು. ಫೈಲ್ ವ್ಯವಸ್ಥೆಯನ್ನು ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಓಡಿಸುವುದಿದ್ದರೆ ನಕಲಿನ ಮೇಲೆ ಓಡಿಸಿ, ಮೂಲವನ್ನು ಮುಟ್ಟಬೇಡಿ.

ನಂತರ ‘-ಟಿ ಲಾಂಗ್’. ಟೆಸ್ಟ್ ನಿಂತ ಜಾಗದ ಎಲ್‌ಬಿಎ ಸಂಖ್ಯೆ (ಸೆಕ್ಟರಿನ ಕ್ರಮಸಂಖ್ಯೆ) ‘-ಎಲ್ ಸೆಲ್ಫ್‌ಟೆಸ್ಟ್’ನಲ್ಲಿ ಸಿಗುತ್ತದೆ. ಅದು 209717248 ಎಂದಿಟ್ಟುಕೊಳ್ಳಿ. ಪಾರ್ಟಿಷನ್ 2048ರಿಂದ ಶುರುವಾದರೆ ಕಳೆದಾಗ 209715200. ಸೆಕ್ಟರ್ 512 ಬೈಟ್, ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಬ್ಲಾಕ್ 4096 ಬೈಟ್ ಆಗಿದ್ದರೆ 8ರಿಂದ ಭಾಗಿಸಿದಾಗ ಬ್ಲಾಕ್ 26214400. ‘ಡೀಬಗ್‌ಎಫ್‌ಎಸ್’ನಲ್ಲಿ ‘ಐಚೆಕ್’ಗೆ ಈ ಅಂಕಿ ಕೊಟ್ಟರೆ ಐನೋಡ್ (ಫೈಲಿನ ಒಳಸಂಖ್ಯೆ), ‘ಎನ್‌ಚೆಕ್’ಗೆ ಐನೋಡ್ ಕೊಟ್ಟರೆ ಫೈಲಿನ ಹೆಸರು. ಎಲ್‌ವಿಎಂ (ಡಿಸ್ಕ್ ಹಂಚಿಕೆಯ ಪದರ) ಅಥವಾ ಲಕ್ಸ್ (ಗೂಢಲಿಪೀಕರಣದ ಪದರ) ಇದ್ದರೆ ಅವುಗಳ ಆಫ್‌ಸೆಟ್ ಕೂಡ ಕಳೆಯಬೇಕು.

ಆ ಸೆಕ್ಟರಿನ ಮೇಲೆ ಹೊಸದಾಗಿ ಬರೆದಾಗಲೇ ಡಿಸ್ಕ್ ಅದರ ಹಣೆಬರಹ ತೀರ್ಮಾನಿಸುವುದು. ‘ಎಚ್‌ಡಿಪಾರ್ಮ್’ನ ರೈಟ್-ಸೆಕ್ಟರ್ 512 ಬೈಟ್ ಮಾತ್ರ ಬರೆಯುತ್ತದೆ. ಈಗಿನ ಬಹುಪಾಲು ಡಿಸ್ಕ್‌ಗಳ ಭೌತಿಕ ಸೆಕ್ಟರ್ 4096 ಬೈಟ್. 512 ಬರೆಯಲು ಡಿಸ್ಕ್ ಉಳಿದದ್ದನ್ನು ಮೊದಲು ಓದಲೇಬೇಕು, ಓದಲಾಗದ್ದಕ್ಕೇ ಅಲ್ಲವೇ ಈ ಪಾಡು. ಅದಕ್ಕೇ ನಾನು ಪೂರ್ತಿ 4096 ಬೈಟ್ ಬರೆಯುತ್ತೇನೆ. ಪಾರ್ಟಿಷನ್ ಅನ್‌ಮೌಂಟ್ ಮಾಡಿ, ನಕಲು ಮಾಡುವ ‘ಡಿಡಿ’ಗೆ ಇನ್‌ಪುಟ್ /ಡೆವ್/ಝೀರೊ, ಔಟ್‌ಪುಟ್ ಇಡೀ ಡಿಸ್ಕ್, ‘ಬಿಎಸ್=4096 ಕೌಂಟ್=1 ಸೀಕ್=26214656 ಓಫ್ಲ್ಯಾಗ್=ಡೈರೆಕ್ಟ್’. ಸೀಕ್ ಅಂಕಿ ಇಲ್ಲಿ ಎಲ್‌ಬಿಎಯನ್ನು ನೇರವಾಗಿ 8ರಿಂದ ಭಾಗಿಸಿದ್ದು, ಹಿಂದಿನ ಬ್ಲಾಕ್ ಸಂಖ್ಯೆಯಲ್ಲ. ಕೌಂಟ್ ಮರೆತರೆ ಅಲ್ಲಿಂದ ಕೊನೆಯವರೆಗೂ ಡಿಸ್ಕ್ ಅಳಿಸಿಹೋಗುತ್ತದೆ. ಬರೆದಮೇಲೆ 197 ಇಳಿದು 5 ಏರದಿದ್ದರೆ ಸೆಕ್ಟರ್ ಚೆನ್ನಾಗಿಯೇ ಇದೆ. ಬರೆಯುವಾಗ ಕರೆಂಟ್ ಹೋದರೆ ಹೀಗಾಗುತ್ತದೆ. 5 ಏರಿದರೆ ಬದಲಿ ಸೆಕ್ಟರ್ ಬಳಕೆಯಾಗಿದೆ. ಒಂದು ವಾರ ಬಿಟ್ಟು ಇನ್ನೂ ಏರಿದ್ದರೆ ಆ ಡಿಸ್ಕ್ ಇಟ್ಟುಕೊಳ್ಳುವ ಮಾತೇ ಇಲ್ಲ.

ಎನ್‌ವಿಎಂಇಗೆ ಈ ಪಟ್ಟಿ ಇಲ್ಲ. ಮೀಡಿಯಾ ಎರರ್ಸ್, ಅವೈಲಬಲ್ ಸ್ಪೇರ್, ಕ್ರಿಟಿಕಲ್ ವಾರ್ನಿಂಗ್ ಈ ಮೂರು ಸಾಕು. ಪರ್ಸೆಂಟೇಜ್ ಯೂಸ್ಡ್ (ಸವೆತದ ಅಂದಾಜು) 100 ದಾಟಿದರೂ ಡಿಸ್ಕ್ ನಡೆಯುತ್ತಿರಬಹುದು. ಬರೆದ ಮೊತ್ತ ಬೇಕಿದ್ದರೆ ಡೇಟಾ ಯೂನಿಟ್ ಅಂಕಿಯನ್ನು 5,12,000 ಬೈಟ್‌ಗಳಿಂದ ಗುಣಿಸಿ. ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಇಂಟೆಲ್‌ನ ಡಿಸ್ಕ್ ನಿರ್ವಹಣಾ ವ್ಯವಸ್ಥೆಗಳಾದ ವಿಎಂಡಿ ಅಥವಾ ಆರ್‌ಎಸ್‌ಟಿ ಆನ್ ಇದೆಯೇ ನೋಡಿ. ಸಾಮಾನ್ಯ ಎಎಚ್‌ಸಿಐ ವಿಧಾನಕ್ಕೆ ಬದಲಾಯಿಸಿದರೆ ಕಾಣಿಸಬಹುದು, ಆದರೆ ಅದೇ ಯಂತ್ರದ ವಿಂಡೋಸ್ ಬೂಟ್ ಆಗದೆ ನಿಲ್ಲಬಹುದು.

ನಿತ್ಯದ ಕಾವಲಿಗೆ ‘ಸ್ಮಾರ್ಟ್‌ಡಿ’ ಇದೆ, ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ನೋಡುತ್ತದೆ. ಎಚ್ಚರಿಕೆ ಕಳಿಸಲು ಯಂತ್ರದಲ್ಲಿ ಮೇಲ್ ವ್ಯವಸ್ಥೆ ಇಲ್ಲದಿದ್ದರೆ ಅದು ಲಾಗ್‌ನಲ್ಲೇ ಉಳಿಯುತ್ತದೆ. ಕಾನ್ಫಿಗ್‌ನಲ್ಲಿ ಮೇಲ್ ವಿಳಾಸದ ಜೊತೆ ದೊಡ್ಡಕ್ಷರದ ‘-ಎಂ ಟೆಸ್ಟ್’ ಸೇರಿಸಿ ಸ್ಮಾರ್ಟ್‌ಡಿ ಮರುಚಾಲನೆ ಮಾಡಿ, ಪರೀಕ್ಷಾ ಮೇಲ್ ಕೈಸೇರಿದ ಮೇಲೆ ಆ ಪದ ತೆಗೆದುಹಾಕಿ.