ಆರು ಶುಕ್ರವಾರ: ಮಸ್ಕತ್ತಿನಲ್ಲಿ ಕುಳಿತು ಶಿರಸಿಯ ಮನೆಗೆ ನಾಯಿಮರಿ ಆರಿಸಿದ ನನ್ನ ಅನುಭವ

2022ರ ಕೊನೆಯಲ್ಲಿ ನಾನು ಮಸ್ಕತ್ತಿನ ಬಾಡಿಗೆ ಕೋಣೆಯಲ್ಲಿ ಕುಳಿತು ಆರಿಸಿದ ಮುಧೋಳ ತಳಿಯ ಹೆಣ್ಣುಮರಿ ಮೂರು ಮಳೆಗಾಲ ಕಳೆದಿದೆ, ಶಿರಸಿ ಸೀಮೆಯ ನಮ್ಮ ತೋಟಕ್ಕೆ ಇಳಿಯುವ ಮಂಗಗಳನ್ನು ದಿನವೂ ಕಾನಿಗೆ ಅಟ್ಟುತ್ತಿದೆ. ಫೋನಿನಲ್ಲಿ ನೋಡಿಯೇ ಮರಿ ಕೊಳ್ಳುತ್ತೇನೆಂದಾಗ ಅಪ್ಪಯ್ಯ, “ತಮಾ, ಫೋಟೋ ನೋಡಿ ಚಾಲಿ ಕೊಂಡ ಹಾಂಗೆ ಆತು ಇದು” ಎಂದಿದ್ದರು. ಚಾಲಿಯೆಂದರೆ ಒಣಗಿಸಿ ಸುಲಿದ ಅಡಿಕೆ; ಒಡೆದು ನೋಡದೆ ಅದಕ್ಕೆ ಯಾರೂ ದರ ಹೇಳುವುದಿಲ್ಲವೆಂಬುದು ಅಡಿಕೆಯವರಿಗೆಲ್ಲ ತಿಳಿದದ್ದೇ. ಅವರು ಹಾಗೆ ಅನ್ನುವುದಕ್ಕೆ ಕಾರಣವೂ ಇತ್ತು. ಅದಕ್ಕೆ ಮೊದಲು ಹೀಗೇ ದೂರದಿಂದ ತರಿಸಿದ ಎರಡು ಮರಿಗಳನ್ನು ಕಳೆದುಕೊಂಡು, ಇನ್ನೊಂದರ ಮುಂಗಡವನ್ನೂ ಮುಳುಗಿಸಿಕೊಂಡವನು ನಾನು.

ಮೊದಲನೆಯದು 2019ರ ಅಕ್ಟೋಬರಿನಲ್ಲಿ ಜಾಹೀರಾತು ನೋಡಿ ಬೆಂಗಳೂರಿನಿಂದ ತರಿಸಿದ ಲ್ಯಾಬ್ರಡಾರ್. ಮರಿಗೆ 18,000 ರೂಪಾಯಿ, ರಾತ್ರಿ ಬಸ್ಸಿನಲ್ಲಿ ಕಳಿಸಿದ್ದಕ್ಕೆ ಸುಮಾರು 2,500. 45 ದಿನದ ಮರಿ ಎಂದು ಮಾರಿದವನೇ ಹೆಮ್ಮೆಯಿಂದ ಹೇಳಿದ್ದ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂದು 2017ರ ಕೇಂದ್ರ ನಿಯಮಗಳಲ್ಲಿ ಇದೆಯೆಂಬುದು ಆಗ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದ ಐದನೆಯ ದಿನ ವಾಂತಿ, ಆರನೆಯ ದಿನ ರಕ್ತ ಬೆರೆತ ಭೇದಿ, ಎಂಟನೆಯ ದಿನ ಸಾವು. ಪಾರ್ವೊ ಎಂಬ, ನಾಯಿಮರಿಗಳ ಕರುಳಿಗೆ ತಗಲುವ ವೈರಸ್ ರೋಗ. ಗ್ಲೂಕೋಸ್ ಏರಿಸುವುದಕ್ಕೂ ಶಿರಸಿಗೆ ಓಡಾಡುವುದಕ್ಕೂ ಏಳೆಂಟು ಸಾವಿರ ಖರ್ಚಾಯಿತು.

ಎರಡನೆಯದನ್ನು ಮೂರು ತಿಂಗಳೊಳಗೆ ಹುಬ್ಬಳ್ಳಿ ಕಡೆಯ ಒಂದು ಮನೆಯಿಂದ 15,000ಕ್ಕೆ ಕೊಂಡೆ. ಅದೂ ಎಂಟನೆಯ ದಿನ ಮಲಗಿತು, ಮತ್ತೆ ಏಳಲಿಲ್ಲ. ಮಾರಿದವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಅದೇ ಸೂಲಿನ ಉಳಿದ ಐದು ಮರಿಗಳು ಆಡುತ್ತಿರುವ ವಿಡಿಯೊ ಕಳಿಸಿ ಸುಮ್ಮನಾದರು. ನಮ್ಮ ದನದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: “ಮೊದಲಿನ ಮರಿಯನ್ನು ಎಲ್ಲಿ ಕಟ್ಟಿದ್ದಿರಿ?” ಅದೇ ಅಂಗಳ, ಅಡಿಕೆ ಒಣಗಿಸುವ ಅಟ್ಟದ ಅದೇ ಕಂಬ. ಪಾರ್ವೊ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳಿದ್ದರೆ ವರ್ಷದವರೆಗೂ ಬದುಕಿರುತ್ತದೆ. ಆಯಿ ಎರಡು ಬಾಟಲಿ ಫಿನಾಯಿಲ್ ಸುರಿದಿದ್ದಳು, ಆದರೆ ಅದಕ್ಕೆ ಫಿನಾಯಿಲ್ ಲೆಕ್ಕಕ್ಕೇ ಇಲ್ಲ. ಆ ಮರಿಯನ್ನು ಕೊಂದದ್ದು ನನ್ನದೇ ಅಂಗಳ. ಬೈದದ್ದಕ್ಕೆ ಕ್ಷಮೆ ಕೇಳಲು ನನಗೆ ಒಂದು ವರ್ಷ ಹಿಡಿಯಿತು.

2021ರಲ್ಲಿ ಮೂರನೆಯ ಪೆಟ್ಟು ಬಿತ್ತು. ಚೆಂದದ ಫೋಟೋಗಳನ್ನು ನಂಬಿ 5,000 ಮುಂಗಡ ಕಳಿಸಿದ ಮೇಲೆ, ಅದೇ ಫೋಟೋಗಳು ಬೇರೆ ದೇಶದ ಯಾರದೋ ಪುಟದಲ್ಲಿ ವರ್ಷಗಳ ಹಿಂದೆಯೇ ಇದ್ದದ್ದು ಸಿಕ್ಕಿತು. ಎಲ್ಲ ಸೇರಿ ಹತ್ತಿರ ಹತ್ತಿರ ಐವತ್ತು ಸಾವಿರ ನೀರಿನಲ್ಲಿ ಹೋಯಿತು.

ಈ ಮೂರೂ ಸಲ ನಾನು ನೋಡಿದ್ದು ಮರಿಯನ್ನು, ಮತ್ತು ಒಂದೇ ದಿನ. ನಾಲ್ಕನೆಯ ಸಲ ಮರಿಯನ್ನು ಬಿಟ್ಟು ಸಾಕುವವರನ್ನು ನೋಡಲು ಹೊರಟೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ತಳಿಯ ಲಕ್ಷಣ ಹೇಗಿರಬೇಕೆಂಬುದಕ್ಕೆ ಆ ಕೇಂದ್ರದ ನಾಯಿಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಅದೇ ಸೀಮೆಯ ಸಾಕಣೆದಾರರಲ್ಲಿ ಹನ್ನೊಂದು ಮಂದಿಗೆ ಫೋನು ಮಾಡಿದೆ. ಗೇಟಿನಿಂದ ತಾಯಿನಾಯಿ ಮಲಗುವ ಜಾಗದವರೆಗೆ ಫೋನು ಕೆಳಗಿಡದೆ ನಡೆದು ತೋರಿಸಿ ಎಂದ ಕೂಡಲೇ ಆರು ಮಂದಿ ಕಳಚಿಕೊಂಡರು. ತಾಯಿಯ ಹಿಂದಿನ ಸೂಲು ಯಾವಾಗ ಎಂಬ ಪ್ರಶ್ನೆಗೆ ಇನ್ನಿಬ್ಬರು ತಡವರಿಸಿದರು. ಉಳಿದ ಮೂವರಿಗೆ ಇನ್ನೂ ಎರಡು ಪ್ರಶ್ನೆ ಕೇಳಿದೆ. ಅವು ಯಾವುವೆಂದು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದನ್ನು ಮಾರುವವರೂ ಓದುತ್ತಾರೆ. ಕೊನೆಗೆ ಉಳಿದವರು ಪ್ರಶ್ನೆಯನ್ನು ನನಗೇ ತಿರುಗಿಸಿದವರು: “ಕಟ್ಟಿ ಹಾಕವ್ರಿದ್ರ ಮರಿ ಕೊಡಂಗಿಲ್ರಿ ಸರ. ಓಡಾಕ ಜಾಗ ಎಷ್ಟ ಐತ್ರಿ?” ನಾಲ್ಕು ಎಕರೆ ತೋಟವನ್ನು ಅಪ್ಪಯ್ಯನ ಕೈಯಿಂದ ವಿಡಿಯೊದಲ್ಲಿ ತೋರಿಸಿದ ಮೇಲೆಯೇ ಅವರು ಒಪ್ಪಿದ್ದು.

ಮಸ್ಕತ್ತಿನಲ್ಲಿ ಶುಕ್ರವಾರ ರಜೆ. ಅಲ್ಲಿಯ ಬೆಳಿಗ್ಗೆ ಏಳೂವರೆ ಎಂದರೆ ಮುಧೋಳದಲ್ಲಿ ಒಂಬತ್ತು, ಬಿಸಿಲು ಚೆನ್ನಾಗಿ ಬಿದ್ದಿರುತ್ತದೆ. ಈ ಬಿಸಿಲು ಮುಖ್ಯ. ಹಳದಿ ದೀಪದ ಕೆಳಗೆ ವಸಡಿನ ಬಣ್ಣ ಫೋನಿನಲ್ಲಿ ತಿಳಿಯುವುದಿಲ್ಲ. ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಆರು ಶುಕ್ರವಾರ ಏಳು ಮರಿಗಳನ್ನೂ ಕಿರಾಣಿ ತಕ್ಕಡಿಯಲ್ಲಿ ತೂಗಿಸಿ, ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸಿ, ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗುತ್ತದೆಯೇ ಎಂದು ನೋಡಿದೆ; ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂಬುದಕ್ಕೆ ಅದು ಗುರುತು. ಮೂರನೆಯ ವಾರ ಒಂದೂಕಾಲು ಕಿಲೋ ಆಸುಪಾಸಿನಲ್ಲಿದ್ದ ಮರಿಗಳು ಎಂಟನೆಯ ವಾರಕ್ಕೆ ನಾಲ್ಕು, ನಾಲ್ಕೂವರೆ ಮುಟ್ಟಿದ ನೆನಪು. ಒಂದು ದಿನದ ತೂಕದಿಂದ ಏನೂ ತಿಳಿಯದು, ತೂಕ ಏರುವ ರೀತಿಯಲ್ಲಿ ಎಲ್ಲ ತಿಳಿಯುತ್ತದೆ.

ಮೂರನೆಯ ಶುಕ್ರವಾರ ಬಿಳಿ ಪಾದದ ಮರಿಯೊಂದು ವಾರದಲ್ಲಿ ಐವತ್ತು ಗ್ರಾಂ ಕೂಡ ಏರಿರಲಿಲ್ಲ, ಹೊಟ್ಟೆ ಮಾತ್ರ ಗುಡಾಣದಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಸಾಕಣೆದಾರರು ಹಳೆಯ ಪತ್ರಿಕೆಯ ಹಾಳೆಯನ್ನು ಕ್ಯಾಮೆರಾದ ಮುಂದೆ ಹಿಡಿದರು: ಅದರ ಮೇಲೆ ಶಾವಿಗೆಯಂಥ ಏಳೆಂಟು ಜಂತುಹುಳುಗಳಿದ್ದವು. ಹಿಂದಿನ ರಾತ್ರಿ ಔಷಧಿ ಹಾಕಿದ್ದರು, ಬೆಳಿಗ್ಗೆ ಬಿದ್ದದ್ದನ್ನು ನನಗೆಂದೇ ಎತ್ತಿಟ್ಟಿದ್ದರು. ಆ ಕ್ಷಣದಲ್ಲಿ ನಾನು 2,000 ಮುಂಗಡ ಕಳಿಸಿದೆ. ಮರಿ ಇನ್ನೂ ಗೊತ್ತಾಗಿರಲಿಲ್ಲ, ಮನೆ ಗೊತ್ತಾಗಿತ್ತು.

ನಡುವೆ ಕೆಲವು ಪರೀಕ್ಷೆಗಳನ್ನೂ ಮಾಡಿಸಿದೆ. ಮರಿಯನ್ನು ಅಂಗಾತ ಹಿಡಿದು ಎಷ್ಟು ಒದ್ದಾಡುತ್ತದೆಂದು ನೋಡಿದರೆ ಸ್ವಭಾವ ತಿಳಿಯುತ್ತದೆಂದು ಕೇಳಿದ್ದೆ. ಒಂದು ವಾರ ಒದ್ದಾಡಿದ ಮರಿ ಮುಂದಿನ ವಾರ ನಿದ್ದೆ ಹೋಯಿತು, ಹಾಗಾಗಿ ಅದನ್ನು ಕೈಬಿಟ್ಟೆ. ಬೆನ್ನಹಿಂದೆ ಸ್ಟೀಲಿನ ತಾಟು ಬೀಳಿಸುವ ಪರೀಕ್ಷೆ ಕೆಲಸಕ್ಕೆ ಬಂತು. ಎಲ್ಲ ಮರಿಗಳೂ ಬೆಚ್ಚುತ್ತವೆ, ಆದರೆ ಬೆಚ್ಚಿದ ಮೇಲೆ ತಾಟನ್ನು ಮೂಸಲು ಮರಳಿ ಬರುವ ಮರಿ ಯಾವುದೆಂದು ನೋಡಬೇಕು. ಮೂರು ವಾರವೂ ಮರಳಿ ಬಂದವು ಎರಡೇ. ಅವುಗಳಲ್ಲಿ ದೊಡ್ಡದರ ಹೊಕ್ಕುಳಲ್ಲಿ ಕಡಲೆಕಾಳಿನಷ್ಟು ಉಬ್ಬು ಇತ್ತು; ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆಂದು ಅಲ್ಲಿಯ ಪಶುವೈದ್ಯರು ಹೇಳಿದರೂ ನಾನು ಇನ್ನೊಂದನ್ನೇ ಹಿಡಿದೆ. ತೂಕದಲ್ಲಿ ಅದು ಏಳರಲ್ಲಿ ನಾಲ್ಕನೆಯದು.

ಇತ್ತ ಅಂಗಳದ ಕೆಲಸವೂ ನಡೆದಿತ್ತು. ಕೊರೊನಾ ಕಾಲದ ದೆಸೆಯಿಂದ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ನಾಯಿಯೇ ಇರಲಿಲ್ಲ, ಅದೇ ದೊಡ್ಡ ಉಪಕಾರ. ಚಿರೆಕಲ್ಲಿನ ಮೆಟ್ಟಿಲುಗಳನ್ನು ಉಜ್ಜಿ ತೊಳೆದು ಬ್ಲೀಚಿಂಗ್ ನೀರು ಹಾಕಿಸಿದೆ. ಸೆಗಣಿ ಸಾರಿಸಿದ ನೆಲಕ್ಕೆ ಬ್ಲೀಚಿಂಗ್ ಹಾಕಿ ಪ್ರಯೋಜನವಿಲ್ಲ, ಕೊಳೆಯೇ ಅದರ ಶಕ್ತಿಯನ್ನು ತಿಂದುಬಿಡುತ್ತದೆ; ಹಾಗಾಗಿ ಆ ಕಂಬದ ಸುತ್ತ ಅರ್ಧ ಅಡಿ ಮಣ್ಣು ತೆಗೆಸಿ ದೂರ ಹೂಳಿಸಿದೆ.

ಎಂಟು ವಾರ ತುಂಬಿದ ಮೇಲೆ ಅಣ್ಣ ಕಾರು ಮಾಡಿಕೊಂಡು ಹೋಗಿ ಬಂದ. ಒಂದು ಕಡೆಗೆ 240 ಕಿಲೋಮೀಟರ್ ಆಸುಪಾಸು. ಹಣ ಕೊಡುವ ಮೊದಲು ಸಾಕಣೆದಾರರಿಗೆ ಪರಿಚಯವಿಲ್ಲದ, ನಾನೇ ಹುಡುಕಿದ ಪಶುವೈದ್ಯರಲ್ಲಿ ಮರಿಯನ್ನು ತೋರಿಸಿದೆವು. ಎದೆಬಡಿತ, ಕಣ್ಣು, ಕಿವಿ, ಹಲ್ಲಿನ ಜೋಡಣೆ ನೋಡಿ, ಮೈಕ್ರೊಚಿಪ್ಪಿನ 15 ಅಂಕೆಗಳನ್ನು ಯಂತ್ರದಲ್ಲಿ ಓದಿ, ಕಾಗದದಲ್ಲಿದ್ದ ಸಂಖ್ಯೆಗೆ ವಿಡಿಯೊದಲ್ಲಿ ನನ್ನ ಕಣ್ಣೆದುರೇ ಹೋಲಿಸಿದರು. ಲಸಿಕೆ ಪುಸ್ತಕದಲ್ಲಿ ಸೀಸೆಯ ಚೀಟಿ ಅಂಟಿಸಿತ್ತು; ಬರೀ ಸಹಿ ಇದ್ದರೆ ನಾನು ಲಸಿಕೆ ಆಗಿಲ್ಲವೆಂದೇ ತಿಳಿಯುತ್ತೇನೆ. ಮರಿಗೆ 12,000, ವೈದ್ಯರಿಗೆ 600, ಕಾರಿಗೆ ಎಂಟೊಂಬತ್ತು ಸಾವಿರ. ಮರಿಯನ್ನು ನಾಲ್ಕು ತಿಂಗಳು ತುಂಬಿ ಲಸಿಕೆ ಮುಗಿಯುವವರೆಗೆ ಅಂಗಳದ ಗೇಟು ದಾಟಿಸಲಿಲ್ಲ.

ಬಯಲುಸೀಮೆಯ ನಾಯಿ ನಮ್ಮ ಮಳೆಗೆ ತಡೆಯದು ಎಂದವರ ಮಾತು ಪೂರ್ತಿ ಸುಳ್ಳಾಗಲಿಲ್ಲ. ಆಷಾಢದಲ್ಲಿ ಅದು ಬಚ್ಚಲೊಲೆಯ ಬುಡ ಬಿಟ್ಟು ಏಳುವುದಿಲ್ಲ, ಮಂಗ ಬಂದರೆ ಮಾತ್ರ ಏಳುತ್ತದೆ.

ಹೋದ ತಿಂಗಳು ಸಿದ್ದಾಪುರದ ಭಾವ ತನಗೂ ಒಂದು ಮರಿ ಆರಿಸಿಕೊಡು ಎಂದ. ಮನೆಯಲ್ಲಿ ಈಚೆಗೆ ಮರಿ ಸತ್ತದ್ದಿದೆಯೇ ಎಂದು ಕೇಳಿದೆ. ದೀಪಾವಳಿಯ ಹೊತ್ತಿಗೆ ಒಂದು ಭೇದಿಯಾಗಿ ಹೋಯಿತು ಎಂದ. ಹಾಗಾದರೆ ಮುಂದಿನ ದೀಪಾವಳಿ ಕಳೆಯಲಿ ಎಂದೆ. ಅಂದಿನಿಂದ ಅವನ ಫೋನು ಬಂದಿಲ್ಲ.