ಡ್ರೈವರ್ ಲೈಸೆನ್ಸ್ ಗಂಟು ಬಿಡಿಸಿದ್ದು

ಒಂದು ಸೆನ್ಸರ್‌ಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೆ. ಕೋಡ್ ಕಂಪೈಲ್ ಆಗುತ್ತಿತ್ತು, ಆದರೆ ಕೊನೆಯಲ್ಲಿ ಮಾಡ್‌ಪೋಸ್ಟ್ (ಬಿಲ್ಡ್ ಕೊನೆಯಲ್ಲಿ ಮಾಡ್ಯೂಲ್ ಪರೀಕ್ಷಿಸುವ ಟೂಲ್) ತಕರಾರು ತೆಗೆಯುತ್ತಿತ್ತು: ಜಿಪಿಎಲ್ ಅನ್ನೋ ಮುಕ್ತ ತಂತ್ರಾಂಶ ಲೈಸೆನ್ಸ್‌ಗೆ ಹೊಂದದ ಮಾಡ್ಯೂಲ್ (ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಸೇರಿಸುವ ಕೋಡ್) ಜಿಪಿಎಲ್‌ಗಷ್ಟೇ ಮೀಸಲಾದ ಸಿಂಬಲ್, ಅಂದರೆ ಕರ್ನಲ್ ಹಂಚಿಕೊಳ್ಳುವ ಫಂಕ್ಷನ್ ಹೆಸರು, ಬಳಸುತ್ತಿದೆ ಅಂತ. ಪ್ಲಾಟ್‌ಫಾರ್ಮ್ ಡ್ರೈವರ್ ರಿಜಿಸ್ಟರ್ ಮಾಡುವ ಫಂಕ್ಷನ್ ಕೂಡ ಅಂಥದ್ದೇ, ತಪ್ಪಿಸಿಕೊಳ್ಳೋಕೆ ದಾರಿಯಿಲ್ಲ.

ಮಾಡ್ಯೂಲ್ ಲೈಸೆನ್ಸ್ ಸಾಲಿನಲ್ಲಿ 'ಅಪಾಚೆ 2.0' ಅನ್ನೋ ಇನ್ನೊಂದು ಮುಕ್ತ ಲೈಸೆನ್ಸ್ ಹೆಸರಿತ್ತು. ಅದನ್ನು ಸುಮ್ನೆ 'ಜಿಪಿಎಲ್' ಅಂತ ಬದಲಾಯಿಸಿದರೆ ಎರರ್ ಮಾಯ. ಆದರೆ ಅದು ಬರೀ ಬೋರ್ಡ್ ಬದಲಾಯಿಸಿದ ಹಾಗೆ, ಒಳಗೆ ಬೇರೆಯವರ ಕೋಡ್ ಇದ್ದರೆ ಅದರ ಲೈಸೆನ್ಸ್ ಬದಲಾಗಲ್ಲ ಅಲ್ವಾ? ಅಪಾಚೆ 2.0ರ ಪೇಟೆಂಟ್ ಷರತ್ತುಗಳು ಜಿಪಿಎಲ್ 3ಕ್ಕೆ ಹೊಂದುತ್ತವೆ, ಜಿಪಿಎಲ್ 2ಕ್ಕೆ ಇಲ್ಲ. ಲಿನಕ್ಸ್ ಕರ್ನಲ್ ಇರುವುದು ಜಿಪಿಎಲ್ 2ರಲ್ಲಿ ಮಾತ್ರ, 'ಅಥವಾ ಮುಂದಿನ ಆವೃತ್ತಿ' ಅನ್ನೋ ಅವಕಾಶವೂ ಅದರಲ್ಲಿಲ್ಲ.

ಒಂದೊಂದೇ ಫೈಲ್ ತೆರೆದು ಮೇಲಿನ ಲೈಸೆನ್ಸ್ ಸಾಲು ನೋಡಿದೆ. ಹೊರಗಿನಿಂದ ತಂದದ್ದು ಒಂದೇ: ಮಾಡ್‌ಬಸ್ (ಸಾಧನಗಳ ನಡುವಿನ ಸಂವಹನ ವಿಧಾನ) ಬಳಸುವ ಸಿಆರ್‌ಸಿ, ಅಂದರೆ ದತ್ತಾಂಶದಲ್ಲಿ ತಪ್ಪು ಹಿಡಿಯುವ ಸಂಖ್ಯೆ, ಲೆಕ್ಕ ಮಾಡುವ ಫೈಲ್. ಅದೇ ಲೆಕ್ಕ ಕರ್ನಲ್‌ನ ಸಿಆರ್‌ಸಿ16 ಲೈಬ್ರರಿಯಲ್ಲೇ ಇದೆ! ಆರಂಭದ ಬೆಲೆಯ 16 ಬಿಟ್‌ಗಳನ್ನೂ 1 ಮಾಡಿ ಕೊಟ್ಟರೆ ಸಾಕು. ಆ ಫೈಲ್ ಕಿತ್ತುಹಾಕಿದೆ. ಉಳಿದದ್ದೆಲ್ಲ ನನ್ನದೇ ಕೋಡ್, ಆದ್ದರಿಂದ ಎಲ್ಲ ಫೈಲ್‌ಗಳಿಗೂ ಜಿಪಿಎಲ್ 2ರ ಎಸ್‌ಪಿಡಿಎಕ್ಸ್ ಸಾಲು (ಲೈಸೆನ್ಸ್ ಹೇಳುವ ಪ್ರಮಾಣಿತ ಸಾಲು) ಹಾಕಿದೆ. ಆಮೇಲೆಯೇ ಮಾಡ್ಯೂಲ್ ಲೈಸೆನ್ಸ್ ಬದಲಾಯಿಸಿದ್ದು. ಈಗ ಮಾಡ್‌ಪೋಸ್ಟ್ ತುಟಿ ಪಿಟಕ್ಕೆನ್ನುತ್ತಿಲ್ಲ.