ನೆರೆಯಲ್ಲಿ ಮುಳುಗಿದ ಗಾಡಿ: ಕೀಲಿ ತಿರುಗಿಸುವ ಮುಂಚೆ, ಆಮೇಲೆ

ಮುಳುಗಿದ ಗಾಡಿಯ ಇಂಜಿನ್ ನೀರಿನಿಂದ ಹಾಳಾಗುವುದಕ್ಕಿಂತ, ನೀರು ಇಳಿದ ಮೇಲೆ ‘ಒಂದ್ಸಲ ಸೆಲ್ಫ್ ಹೊಡೆದು ನೋಡೋಣ’ ಅನ್ನುವವರಿಂದ ಹಾಳಾಗುವುದೇ ಜಾಸ್ತಿ. ಗಾಳಿಯನ್ನು ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸೆಲ್ಫ್ ಹೊಡೆದರೆ ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಎಣ್ಣೆ, ಫಿಲ್ಟರ್ ಬದಲಾಯಿಸಿ ಮುಗಿಯಬೇಕಾದ ಕೆಲಸ ಇಂಜಿನ್ ಬಿಚ್ಚುವ ಕೆಲಸವಾಗುತ್ತದೆ. ತಳ್ಳಿ ಸ್ಟಾರ್ಟ್ ಮಾಡುವುದೂ ಅಷ್ಟೇ ಅಪಾಯ. ಗೇರ್ ಹಾಕಿ ಟೋಚನ್ ಮಾಡುವುದು, ಅಂದರೆ ಇನ್ನೊಂದು ಗಾಡಿಗೆ ಕಟ್ಟಿ ಎಳೆಸುವುದಂತೂ ಬೇಡವೇ ಬೇಡ.

ಕೊಡಗಿನವರಿಗೆ ಒಂದು ಅನುಕೂಲ ಇದೆ, ಒಂದು ಅನಾನುಕೂಲ ಇದೆ. ಭಾಗಮಂಡಲ, ಕರಡಿಗೋಡು, ಗುಹ್ಯ, ಕುಶಾಲನಗರದ ಬಡಾವಣೆಗಳು, ಎಲ್ಲೇ ನೆರೆ ಬಂದರೂ ಅದು ಸಿಹಿನೀರು. ಕರಾವಳಿಯ ಉಪ್ಪುನೀರು ವೈರಿಂಗನ್ನು ತಿನ್ನುವಷ್ಟು ಬೇಗ ಇದು ತಿನ್ನುವುದಿಲ್ಲ. ಅನಾನುಕೂಲ ಬಿಸಿಲಿನದು. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಯಾವುದೂ ತಾನಾಗಿ ಒಣಗುವುದಿಲ್ಲ. ನೀರು ಇಳಿಸುವುದು ಒಂದು ದಿನದ ಕೆಲಸ, ಒಣಗಿಸುವುದೇ ನಿಜವಾದ ಕೆಲಸ.

ಮೊದಲು ಗಾಡಿ ಉಳಿಸಲು ಯೋಗ್ಯವೇ ನೋಡಿ. ಒಳಗೆ ಬಾಗಿಲಿನ ಮೇಲೆ ಕೆಸರಿನ ಗೆರೆ ಎಲ್ಲಿದೆ ಎನ್ನುವುದೇ ಅಳತೆಗೋಲು. ಗೆರೆ ಕಾರ್ಪೆಟ್ಟಿನ ಮಟ್ಟದಲ್ಲಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಸೀಟಿನ ಮಟ್ಟಕ್ಕೆ ಬಂದಿದ್ದರೆ ಸೀಟಿನ ಅಡಿಯ ಮತ್ತು ಕಾಲಿನ ಜಾಗದ ವೈರಿಂಗ್, ಕಪ್ಲರ್‌ಗಳೆಲ್ಲ (ವೈರುಗಳನ್ನು ಜೋಡಿಸುವ ಪ್ಲಗ್‌ಗಳು) ನೀರು ಕುಡಿದಿರುತ್ತವೆ. ಖರ್ಚು ಇದೆ, ಆದರೂ ಉಳಿಯುತ್ತದೆ. ಡ್ಯಾಶ್‌ಬೋರ್ಡ್ ಮುಳುಗಿದ್ದರೆ ಏರ್‌ಬ್ಯಾಗ್, ಎಬಿಎಸ್ ಇರುವ ಹೊಸ ಕಾರಿನ ಆಸೆ ಬಿಟ್ಟು ಇನ್ಶೂರೆನ್ಸ್ ದಾರಿ ಹಿಡಿಯುವುದೇ ಲಾಭ. ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆ ಡೀಸೆಲ್ ಜೀಪಿನ ಲೆಕ್ಕವೇ ಬೇರೆ. ಅದು ಪೂರ್ತಿ ಮುಳುಗಿದ್ದರೂ ಎದ್ದು ಬರುತ್ತದೆ.

ಏನನ್ನೂ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ: ನಂಬರ್ ಪ್ಲೇಟ್, ಕೆಸರಿನ ಗೆರೆ, ಒಳಭಾಗ, ಬಾನೆಟ್ ತೆರೆದ ಇಂಜಿನ್. ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಸರ್ವೇಯರ್ ಬರುವ ತನಕ ರಿಪೇರಿ ಶುರು ಮಾಡಬೇಡಿ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನೆರೆಯ ನಷ್ಟಕ್ಕೆ ಏನೂ ಸಿಗುವುದಿಲ್ಲ. ಕಾಂಪ್ರಹೆನ್ಸಿವ್ ಇದ್ದರೂ, ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿ ಕೆಟ್ಟ ಇಂಜಿನ್ನಿಗೆ, ಪಾಲಿಸಿಗೆ ‘ಇಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿರದಿದ್ದರೆ, ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ರಿಪೇರಿ ಖರ್ಚು ಗಾಡಿಯ ಐಡಿವಿಯ (ಪಾಲಿಸಿಯಲ್ಲಿ ನಮೂದಿಸಿದ ಗಾಡಿಯ ಬೆಲೆ) 75% ದಾಟಿದರೆ ಟೋಟಲ್ ಲಾಸ್ ಎಂದು ತೀರ್ಮಾನವಾಗುತ್ತದೆ.

ಗಾಡಿಯೊಳಗೆ ಕೈ ಹಾಕುವ ಮುಂಚೆ ಟಾರ್ಚ್ ಬಿಟ್ಟು ಸೀಟಿನಡಿ, ಬಾನೆಟ್ ಒಳಗೆ ನೋಡಿ. ನೆರೆ ನೀರಿಗೆ ಹಾವುಗಳೂ ಆಸರೆ ಹುಡುಕುತ್ತವೆ. ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಂಬೂಟ್ ಇರಲಿ. ಚರಂಡಿ ಸೇರಿದ ನೀರಿನಿಂದ ಇಲಿಜ್ವರ ಬರಬಹುದು.

ಮೊದಲ ದಿನ

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು ಕಳಚಿ, ಆಮೇಲೆ ಪಾಸಿಟಿವ್. ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಬಿಡಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ನಾಲ್ಕೈದು ದಿನದಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಸಾಗಿಸುವುದಾದರೆ ಆಟೋಮ್ಯಾಟಿಕ್ ಗಾಡಿಯನ್ನು ಪಿಕಪ್ ಅಥವಾ ಕ್ಯಾರಿಯರ್ ಮೇಲೆ ಹೇರಿಯೇ ಸಾಗಿಸಿ.

ಕೆಸರು ಹಸಿಯಿರುವಾಗಲೇ ತೊಳೆಯಿರಿ. ಕಾವೇರಿಯ ಗೋಡುಮಣ್ಣು ಒಣಗಿದರೆ ಬ್ರಷ್ಷಿಗೂ ಬಗ್ಗುವುದಿಲ್ಲ. ಸಾದಾ ಪೈಪಿನ ನೀರು ಸಾಕು. ಪ್ರೆಷರ್ ವಾಷರ್ ಹಿಡಿದರೆ ಕೆಸರು ಬೇರಿಂಗ್, ಕಪ್ಲರ್‌ಗಳ ಒಳಕ್ಕೇ ಹೋಗುತ್ತದೆ. ರೇಡಿಯೇಟರಿಗೆ ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಹಾಯಿಸಿ. ಜೀಪಿನ ಚಾಸಿಸ್ಸಿನ ತೂತುಗಳಿಂದ ತಿಳಿನೀರು ಬರುವ ತನಕ ತೊಳೆಯಬೇಕು. ಬಾಗಿಲುಗಳ ಕೆಳ ಅಂಚಿನ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸಿ.

ಈಗ ಏರ್ ಫಿಲ್ಟರ್ ಡಬ್ಬ ತೆರೆಯಿರಿ. ಫಿಲ್ಟರ್ ಒಣಗಿದ್ದು ಒಳಗೆ ಕೆಸರಿನ ಗುರುತು ಇಲ್ಲದಿದ್ದರೆ ಇಂಜಿನ್ ನೀರು ಕುಡಿದಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಒದ್ದೆಯಿದ್ದರೆ ಕುಡಿದಿದೆ ಎಂದೇ ತಿಳಿದು ಮುಂದುವರಿಯಿರಿ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಥವಾ ಮಟ್ಟ ಮ್ಯಾಕ್ಸ್ ಗೆರೆ ದಾಟಿದ್ದರೆ ಚೇಂಬರಿಗೆ (ಇಂಜಿನ್ ತಳದ ಎಣ್ಣೆ ತೊಟ್ಟಿ) ನೀರು ಇಳಿದಿದೆ. ಬಣ್ಣ ಸರಿಯಿದೆ ಎಂದು ಸಮಾಧಾನಪಡಬೇಡಿ. ಇಂಜಿನ್ ತಿರುಗದೆ ಎಣ್ಣೆ, ನೀರು ಬೆರೆಯುವುದಿಲ್ಲ. ಡ್ರೈನ್ ನಟ್ಟನ್ನು ನಿಧಾನ ಸಡಿಲಿಸಿ ನೋಡಿ. ನೀರು ಎಣ್ಣೆಗಿಂತ ಭಾರ, ಹಾಗಾಗಿ ಅದೇ ಮೊದಲು ಬರುತ್ತದೆ. ಏನೇ ಬರಲಿ, ಎಣ್ಣೆ ಪೂರ್ತಿ ಇಳಿಸಿ, ಆಯಿಲ್ ಫಿಲ್ಟರ್ ಬಿಸಾಕಿ.

ಸಿಲಿಂಡರಿನ ನೀರು ತೆಗೆಯಲು ಪೆಟ್ರೋಲ್ ಗಾಡಿಯ ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ. ಗ್ಲೋ ಪ್ಲಗ್ ಇರುವ ಡೀಸೆಲ್‌ನಲ್ಲಿ ಅವನ್ನು ಬಿಚ್ಚಿದರೆ ಸಾಕು. ಕಾಮನ್ ರೇಲ್ ಇಂಜಿನ್ನಿನ ಹೈ ಪ್ರೆಷರ್ ಪೈಪುಗಳನ್ನು ಮನೆಯಲ್ಲಿ ಮುಟ್ಟಬೇಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಪಾನಾ ಹಾಕಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಹಳೆ ಜೀಪಿಗೆ ಮುಂದಿನ ಹ್ಯಾಂಡಲ್ ಇದ್ದರೆ ಇನ್ನೂ ಸುಲಭ. ಪ್ಲಗ್ ತೂತಿನಿಂದ ನೀರು ಚಿಮ್ಮುತ್ತದೆ, ಮುಖ ಅಡ್ಡ ಇಡಬೇಡಿ. ಮಧ್ಯದಲ್ಲಿ ಗಟ್ಟಿಯಾಗಿ ನಿಂತರೆ ಬಲ ಹಾಕದೆ ಮೆಕ್ಯಾನಿಕ್‌ನನ್ನು ಕರೆಸಿ. ಸಲೀಸಾಗಿ ತಿರುಗಿದರೆ ಪ್ರತಿ ಸಿಲಿಂಡರಿಗೆ ಒಂದು ಚಮಚ, ಅಂದರೆ ಸುಮಾರು 5 ಮಿಲಿ, ಇಂಜಿನ್ ಆಯಿಲ್ ಬಿಟ್ಟು ಇನ್ನೆರಡು ಸುತ್ತು ತಿರುಗಿಸಿ. ಬೋರಿಗೆ ತುಕ್ಕು ಹಿಡಿಯಲು ಬಹಳ ದಿನ ಬೇಕಿಲ್ಲ, ಆದ್ದರಿಂದ ಉಳಿದದ್ದು ತಡವಾದರೂ ಇದನ್ನು ಮೊದಲ ದಿನವೇ ಮುಗಿಸಿ.

ಟ್ಯಾಂಕಿನ ಪೆಟ್ರೋಲ್, ಡೀಸೆಲ್ ಇಳಿಸಿ ಪಾರದರ್ಶಕ ಕ್ಯಾನಿನಲ್ಲಿ ಒಂದು ಗಂಟೆ ಇಟ್ಟರೆ ನೀರಿದ್ದರೆ ತಳದಲ್ಲಿ ಕಾಣುತ್ತದೆ. ಫ್ಯೂಯೆಲ್ ಫಿಲ್ಟರ್ ಹೊಸದು ಹಾಕಿ. ಡೀಸೆಲ್ ಪಂಪು, ಇಂಜೆಕ್ಟರ್‌ಗಳಿಗೆ ಡೀಸೆಲ್ಲೇ ಲೂಬ್ರಿಕೆಂಟ್, ಹಾಗಾಗಿ ನೀರು ಹೊಕ್ಕರೆ ಅವು ಉಳಿಯುವುದಿಲ್ಲ.

ಗೇರ್‌ಬಾಕ್ಸ್, ಹೌಸಿಂಗ್ (ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗೂಡು), ಫೋರ್‌ವೀಲ್ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ), ಇವುಗಳ ಎಣ್ಣೆ ಇಳಿಸಿ ಬದಲಿಸುವುದನ್ನು ಹೆಚ್ಚಿನವರು ಮರೆಯುತ್ತಾರೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದ (ಗಾಳಿ ಆಡುವ ಸಣ್ಣ ತೂತು) ನೀರನ್ನು ಎಳೆದುಕೊಳ್ಳುತ್ತದೆ. ಬರೀ ಚಕ್ರದ ಮಟ್ಟದ ನೀರು ದಾಟಿದ ಜೀಪಿನಲ್ಲೂ ಇದು ಆಗುತ್ತದೆ. ಇಳಿಸುವ ಮುಂಚೆ ತುಂಬಿಸುವ ನಟ್ ಬಿಡಿಸಿ ನೋಡಿ. ಅದೇ ಜಾಮ್ ಆಗಿದ್ದರೆ, ಎಣ್ಣೆ ಖಾಲಿ ಮಾಡಿಕೊಂಡು ಕೂರಬೇಕಾಗುತ್ತದೆ.

ಒಣಗಿಸುವುದು

ಸೀಟು, ಕಾರ್ಪೆಟ್ ಎರಡೂ ಹೊರಬರಲೇಬೇಕು. ಕಾರ್ಪೆಟ್ಟಿನ ಅಡಿಯ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಟ್ಟು ನೆಲದ ತಗಡನ್ನು ಒಳಗಿನಿಂದ ತಿನ್ನುತ್ತದೆ. ಅದನ್ನು ಬಿಸಾಕಿ ಹೊಸದು ಹಾಕುವುದೇ ಅಗ್ಗ. ಏರ್‌ಬ್ಯಾಗಿನ ಹಳದಿ ಕಪ್ಲರ್‌ಗಳು ಸೀಟಿನಡಿಯಲ್ಲಿದ್ದರೆ ಅವನ್ನು ಗ್ಯಾರೇಜಿನವರೇ ಬಿಚ್ಚಲಿ.

ಕಾಫಿ ಒಣಗಿಸುವ ಪಾಲಿಹೌಸ್ ಇರುವ ತೋಟಗಳಲ್ಲಿ ಅದು ಈ ತಿಂಗಳುಗಳಲ್ಲಿ ಖಾಲಿ. ಸೀಟುಗಳಿಗೆ ಇದಕ್ಕಿಂತ ಒಳ್ಳೆ ಜಾಗವಿಲ್ಲ. ಎರಡೂ ಬದಿಯ ಬಾಗಿಲು ತೆರೆದಿರಬೇಕು, ಇಲ್ಲದಿದ್ದರೆ ಒಳಗಿನ ಆವಿ ಪ್ಲಾಸ್ಟಿಕ್ಕಿಗೆ ಹತ್ತಿ ಮತ್ತೆ ಸೀಟಿನ ಮೇಲೇ ತೊಟ್ಟಿಕ್ಕುತ್ತದೆ. ಪಾಲಿಹೌಸ್ ಇಲ್ಲದವರು ಸಣ್ಣ ಕೋಣೆಯಲ್ಲಿ ರೂಮ್ ಹೀಟರ್, ಫ್ಯಾನ್ ಎರಡನ್ನೂ ಹಾಕಿ ಮೇಲಿನ ಕಿಟಕಿ ಸ್ವಲ್ಪ ತೆರೆದಿಡಿ. ಒಲೆಯ ಮೇಲಿನ ಅಟ್ಟ ಮಾತ್ರ ಬೇಡ, ಸೀಟಿನ ಫೋಮ್ ಸುಲಭವಾಗಿ ಬೆಂಕಿ ಹಿಡಿಯುತ್ತದೆ.

ವೈರಿಂಗ್ ಕೆಲಸಕ್ಕೆ ತಾಳ್ಮೆ ಬೇಕು. ಗೆರೆಯ ಕೆಳಗಿರುವ ಪ್ರತಿ ಕಪ್ಲರನ್ನೂ ಬಿಚ್ಚಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ತೆರೆದೇ ಬಿಡಿ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಂಡರೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಇಸಿಎಂ ಬಾಕ್ಸ್ (ಇಂಜಿನ್ನಿನ ಕಂಪ್ಯೂಟರ್), ಮೀಟರ್ ಬೋರ್ಡ್‌ಗಳನ್ನು ಕಳಚಿ ಬೇರೊಂದು ಕಾರಿನಲ್ಲಿಟ್ಟು, ಆ ಕಾರನ್ನು ಬಯಲಲ್ಲಿ ನಿಲ್ಲಿಸಿ ಎಸಿ, ಹೀಟರ್ ಎರಡನ್ನೂ ಒಟ್ಟಿಗೆ ಓಡಿಸಿ: ಎಸಿ ತೇವ ಹಿಂಡುತ್ತದೆ, ಹೀಟರ್ ಗಾಳಿಯನ್ನು ಬಿಸಿ ಮಾಡುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯದಿಂದ ಅಕ್ಕಿ ಹಾಳಾಗುತ್ತದೆ ಅಷ್ಟೇ. ಸೆಲ್ಫ್ ಮೋಟಾರ್, ಡೈನಮೋ ಎರಡನ್ನೂ ಎಲೆಕ್ಟ್ರಿಷಿಯನ್ ಬಳಿ ಬಿಚ್ಚಿಸಿ ಒಣಗಿಸಲೇಬೇಕು. ಇವತ್ತು ತಿರುಗಿದರೂ ತಿಂಗಳೊಳಗೆ ಕೈಕೊಡುತ್ತವೆ.

ಸ್ಟಾರ್ಟ್ ಮಾಡುವಾಗ

ಹೊಸ ಆಯಿಲ್ ಫಿಲ್ಟರ್, ಅಗ್ಗದ ಎಣ್ಣೆ, ಹೊಸ ಏರ್ ಫಿಲ್ಟರ್ ಹಾಕಿ. ಪ್ಲಗ್ ಹಾಕದೆ, ಇಂಧನದ ಫ್ಯೂಸ್ ಕಿತ್ತು, ಐದೈದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಕಂಪ್ರೆಷನ್ ಗೇಜ್ ಸಿಕ್ಕರೆ ಇದೇ ಹೊತ್ತಿನಲ್ಲಿ ನೋಡಿ: ಒಂದು ಸಿಲಿಂಡರ್ ಉಳಿದವುಗಳಿಗಿಂತ ಬಹಳ ಕಡಿಮೆ ತೋರಿಸಿದರೆ ಆ ರಾಡ್ ಬಾಗಿರುವ ಅನುಮಾನ. ಎಲ್ಲ ಸರಿಯಿದ್ದರೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಸೈಲೆನ್ಸರಿನಿಂದ ನೀರು, ಬಿಳಿ ಆವಿ ಬರುತ್ತದೆ, ಹೆದರಬೇಡಿ. ಕಟಕಟ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಈ ಎಣ್ಣೆ ಇಳಿಸಿ. ಇನ್ನೂ ಬೆಳ್ಳಗಿದ್ದರೆ ಮತ್ತೊಮ್ಮೆ ಇದನ್ನೇ ಮಾಡಿ. ಬಣ್ಣ ತಿಳಿಯಾದ ಮೇಲಷ್ಟೇ ಒಳ್ಳೆ ಎಣ್ಣೆ.

ರಸ್ತೆಗೆ ಇಳಿಸುವ ಮುಂಚೆ ನಾಲ್ಕೂ ಬ್ರೇಕ್ ಬಿಚ್ಚಿ ಮರಳು ತೆಗೆದು, ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ತೇವ ಹೀರಿದ ಬ್ರೇಕ್ ಆಯಿಲ್ ಮಡಿಕೇರಿಯಿಂದ ಇಳಿಯುವಾಗ ಬಿಸಿಯಾಗಿ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಸ್ಕೂಟರಿನಲ್ಲಿ ಕೆಲಸ ಕಡಿಮೆ: ಪ್ಲಗ್ ಬಿಚ್ಚಿ ಕಿಕ್ಕರ್ ತುಳಿದು ನೀರು ತೆಗೆಯಿರಿ, ಎಡಬದಿಯ ಬೆಲ್ಟ್ ಕವರ್ ತೆರೆದು ಒಣಗಿಸಿ, ಇಂಜಿನ್ ಆಯಿಲ್ ಜತೆ ಗೇರ್ ಆಯಿಲೂ ಬದಲಿಸಿ. ಮುಳುಗಿದ ಎಲೆಕ್ಟ್ರಿಕ್ ಸ್ಕೂಟರನ್ನು ಚಾರ್ಜಿಗೆ ಹಾಕಬೇಡಿ. ಮನೆಯಿಂದ 15 ಮೀಟರ್ ದೂರ ಬಯಲಲ್ಲಿ ನಿಲ್ಲಿಸಿ ಕಂಪನಿಯವರನ್ನೇ ಕರೆಸಿ. ಲಿಥಿಯಂ ಬ್ಯಾಟರಿ ದಿನಗಳು ಕಳೆದ ಮೇಲೂ ಹೊತ್ತಿಕೊಳ್ಳಬಹುದು.

200 ಕಿಲೋಮೀಟರ್ ಓಡಿದ ಮೇಲೆ ಇಂಜಿನ್ ಎಣ್ಣೆ, ಹೌಸಿಂಗ್ ಎಣ್ಣೆ ಎರಡನ್ನೂ ಇನ್ನೊಮ್ಮೆ ನೋಡಿ. ವೀಲ್ ಬೇರಿಂಗ್ ಗೊರಗೊರ ಸದ್ದು, ಪವರ್ ವಿಂಡೋ, ಸೆಂಟ್ರಲ್ ಲಾಕ್ ಕೈಕೊಡುವುದು ಸಾಮಾನ್ಯವಾಗಿ ಆಮೇಲೆ ಬರುವ ಕಾಯಿಲೆಗಳು. ಕಾಫಿ ಕೊಯ್ಲಿನ ಹೊತ್ತಿಗೆ ಬಿಸಿಲು ಬಂದಾಗ ಕಪ್ಲರ್‌ಗಳನ್ನು ಮತ್ತೊಂದು ಸುತ್ತು ಬಿಚ್ಚಿ ಕಿಲುಬು ನೋಡಿ.